‘ರು’ ಖಾಲಿಯಾಗಿದೆ

ಪ್ರೂಫಿನ ಮೊದಲ ಸಾಲಿನಲ್ಲೇ ಅವರು ‘ಹುಟ್ಟಿದಳು’. ಮುಂದಿನ ಸಾಲಿನಲ್ಲಿ ‘ಓದಿದಳು’, ಅದರ ಮುಂದೆ ‘ಬರೆದಳು’. ನಾನು ಕೊಟ್ಟದ್ದು ‘ಹುಟ್ಟಿದರು’, ‘ಓದಿದರು’, ‘ಬರೆದರು’ ಎಂದು. ನನ್ನ ಕೈಬರಹದ ಪ್ರತಿಯಲ್ಲಿ ಒಂದೊಂದು ‘ರು’ವನ್ನೂ ಹುಡುಕಿ, ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ದುಂಡಗೆ ‘ಳು’ ಬರೆಯಲಾಗಿತ್ತು. ಅದೇ ಲೇಖನದಲ್ಲಿ ಅವರ ಗಂಡ ‘ತೀರಿಕೊಂಡರು’. ಅವರ ಪತ್ರಿಕೆಯ ಯಜಮಾನ ‘ಒಪ್ಪಿದರು’. ಅವರ ಮನೆಗೆ ಒಮ್ಮೆ ಬಂದ ಪಾದ್ರಿಯೊಬ್ಬರು ಕೂಡ ಚಹಾ ‘ಕುಡಿದು ಹೋದರು’. ಇಡೀ ಲೇಖನದಲ್ಲಿ ಏಕವಚನಕ್ಕೆ ಇಳಿದವರು ಒಬ್ಬರೇ, ಲೇಖನ ಯಾರ ಬಗ್ಗೆಯೋ ಅವರು.

ಇದು ಎಂಬತ್ತರ ದಶಕದ ಮಾತು. ನಮ್ಮೂರು ಹೂಡಿಯ ಪಕ್ಕದ ಕಾರ್ಖಾನೆಯಲ್ಲಿ ನಾನು ಅನುವಾದಕಿ. ಇಂಗ್ಲಿಷಿನಲ್ಲಿ ಬಂದ ಸುತ್ತೋಲೆಗಳನ್ನು ಕನ್ನಡಕ್ಕೆ ತಂದು ನೋಟಿಸ್ ಬೋರ್ಡಿಗೆ ಕಳಿಸುವುದು ಕೆಲಸ. ಆ ಕೆಲಸ ನನ್ನ ಇಂಗ್ಲಿಷ್ ಎಂ.ಎ.ಗೆ ಸಿಕ್ಕಿದ್ದಲ್ಲ. ಕಾರ್ಖಾನೆಯ ಹಿಂದಿನ ಶೆಡ್ಡು ನಿಂತಿರುವುದು ನಮ್ಮ ದ್ರಾಕ್ಷಿ ತೋಟದ ಮೇಲೆ. ಜಮೀನು ಹೋದ ಮನೆಗೊಂದು ಕೆಲಸ ಎಂದು ಮಾತಾಗಿತ್ತು. ಅಣ್ಣನಿಗೆ ಲಾರಿಯ ಹುಚ್ಚು, ಗೇಟಿನೊಳಗೆ ಕೂರುವುದು ಬೇಕಿರಲಿಲ್ಲ. ಹಾಗಾಗಿ ಅದು ನನ್ನದಾಯಿತು. ಕಾರ್ಖಾನೆಯ ಕನ್ನಡ ಸಂಘ ಪ್ರತಿವರ್ಷ ರಾಜ್ಯೋತ್ಸವಕ್ಕೆ ಒಂದು ಸಂಚಿಕೆ ತರುತ್ತಿತ್ತು. ಆ ವರ್ಷ ನಾನೂ ಒಂದು ಲೇಖನ ಕೊಟ್ಟೆ. ಅದು ನನ್ನ ಮೊದಲ ಅಚ್ಚಾಗುವ ಬರಹ.

ಲೇಖನದಲ್ಲಿದ್ದ ಮಹಿಳೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗೊತ್ತಾಗುವುದಿಲ್ಲ, ನನ್ನ ಸಿಟ್ಟು ಶುರುವಾದದ್ದೇ ಅಲ್ಲಿಂದ. ವಿಕ್ಟೋರಿಯಾ ರಾಣಿಯ ಕಾಲದ ಪತ್ರಕರ್ತೆ, ಜೀವನಚರಿತ್ರೆಗಳನ್ನು ಬರೆದವರು. ಎಂ.ಎ. ಓದುವಾಗ ತರಗತಿ ಮುಗಿದ ಮೇಲೆ, ಮನೆಗೆ ಮರಳುವ ವೈಟ್‌ಫೀಲ್ಡ್ ಕಡೆಯ ಸಂಜೆಯ ರೈಲಿಗೆ ಇನ್ನೂ ಹೊತ್ತಿರುತ್ತಿತ್ತು. ಉಳಿದ ಹುಡುಗಿಯರು ಕ್ಯಾಂಟೀನಿಗೆ ಹೋಗುತ್ತಿದ್ದರು. ಕೂತು ಹರಟುವುದು ನನಗೆ ಒಗ್ಗದು. ಗ್ರಂಥಾಲಯದ ಕೊನೆಯ ಸಾಲಿನಲ್ಲಿ, ಯಾರೂ ಮುಟ್ಟದ ಕಡೆ, ರಟ್ಟು ಕಟ್ಟಿದ ಹಳೆಯ ಇಂಗ್ಲಿಷ್ ಮಾಸಪತ್ರಿಕೆಗಳಿದ್ದವು. ಬಹುಪಾಲು ಬರಹಗಳಿಗೆ ಸಹಿ ಇರಲಿಲ್ಲ. ಆದರೆ ಓದುತ್ತ ಹೋದಂತೆ ಅವುಗಳಲ್ಲಿ ಒಂದು ಕೈ ಬೇರೆ ಎಂದು ಗೊತ್ತಾಗತೊಡಗಿತು. ದೊಡ್ಡವರೊಬ್ಬರ ಬಗ್ಗೆ ಬರೆಯುವಾಗ ಆ ಕೈ ಅವರ ಭಾಷಣದಿಂದ ಆರಂಭಿಸುತ್ತಿರಲಿಲ್ಲ. ಅವರ ಮನೆಯಲ್ಲಿ ಅಡುಗೆಯವರು ಎಷ್ಟು ಸಲ ಬದಲಾದರು ಎಂಬಲ್ಲಿಂದ ಆರಂಭಿಸುತ್ತಿತ್ತು.

ಸಹಿಯಿದ್ದ ಒಂದೆರಡು ಬರಹಗಳಿಂದ ಹೆಸರು ಸಿಕ್ಕಿತು, ಆ ಕೈ ಇವರದು. ಬಟ್ಟೆ ಗಿರಣಿಗಳ ಊರಿನಲ್ಲಿ, ಟೋಪಿ ಮಾರುವವರ ಮನೆಯಲ್ಲಿ ಹುಟ್ಟಿದರು. ಇನ್ನೂ ಚಿಕ್ಕ ವಯಸ್ಸಿನಲ್ಲೇ ಊರಿನ ವಾರಪತ್ರಿಕೆಗೆ ಬರೆದು ಕಳಿಸಿದರು, ಹೆಸರಿನ ಮೊದಲ ಅಕ್ಷರ ಮಾತ್ರ ಹಾಕಿ. ‘ಪ್ರಿಯ ಮಹಾಶಯ’ ಎಂದು ಉತ್ತರ ಬಂತು. ಕಚೇರಿಗೆ ಹೋದರೆ, ನಿಮ್ಮಣ್ಣ ಯಾಕೆ ಬರಲಿಲ್ಲ ಎಂದು ಅಲ್ಲಿಯವರು ಕೇಳಿದರು. ಮುಂದೆ ಲಂಡನ್ನಿಗೆ ಹೋದರು. ಪಾರ್ಲಿಮೆಂಟಿನಲ್ಲಿ ಪತ್ರಕರ್ತರ ಸಾಲು ಗಂಡಸರದು. ಹೆಂಗಸರು ಮೇಲೆ, ಲೋಹದ ಜಾಲರಿಯ ಹಿಂದೆ, ಕೆಳಗಿನವರ ಕಣ್ಣಿಗೆ ಬೀಳದ ಹಾಗೆ ಕೂರಬೇಕು. ಆ ಜಾಲರಿಯ ಕಿಂಡಿಯಿಂದ ನೋಡಿದರು, ಕೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಮನೆಗೆ ಬಂದು ಬರೆದರು. ಅದು ‘ನಮ್ಮ ಲಂಡನ್ ಬಾತ್ಮೀದಾರರಿಂದ’ ಎಂಬ ತಲೆಬರಹದಲ್ಲಿ ವರ್ಷಗಟ್ಟಲೆ ಅಚ್ಚಾಯಿತು. ಆ ಬಾತ್ಮೀದಾರರಿಗೆ ಮದುವೆಯಾಗಿದೆಯೇ ಎಂದು ಹೆಣ್ಣು ಹೆತ್ತವರು ಪತ್ರಿಕೆಗೆ ಕಾಗದ ಬರೆಯುತ್ತಿದ್ದರಂತೆ.

ಆಮೇಲೆ ಜೀವನಚರಿತ್ರೆಗಳು. ಒಬ್ಬ ನಟಿಯದು, ಒಬ್ಬ ದಾದಿಯದು, ಸೇತುವೆಗಳನ್ನು ಕಟ್ಟಿದ ಎಂಜಿನಿಯರೊಬ್ಬರದು. ಗಂಡ ಚಿತ್ರಕಾರರು, ಬಿಡದ ಕೆಮ್ಮು. ಮನೆಯನ್ನು ಇವರು ಬರೆದು ನಡೆಸಿದರು. ಎಂಜಿನಿಯರರ ಪುಸ್ತಕಕ್ಕಾಗಿ ಸೇತುವೆಯಲ್ಲಿ ದುಡಿದ ಕೂಲಿಗಳನ್ನು ಹುಡುಕಿಕೊಂಡು ಚಳಿಯಲ್ಲಿ ಊರೂರು ತಿರುಗಿದರು. ಪುಸ್ತಕ ಬಂದಾಗ ಹೊದಿಕೆಯ ಮೇಲೆ ಎಂಜಿನಿಯರರ ಮಗನ ಹೆಸರು. ಒಳಗೆ ಎಲ್ಲೋ ಮೂಲೆಯಲ್ಲಿ, ಕಾಗದಪತ್ರ ಜೋಡಿಸಲು ನೆರವಾದ ಮಹಿಳೆಗೆ ಒಂದು ಕೃತಜ್ಞತೆ. ಇದನ್ನೆಲ್ಲ ತಮ್ಮ ಕೊನೆಯ ಪುಸ್ತಕದ ಮುನ್ನುಡಿಯಲ್ಲಿ ಅವರು ಯಾರದೋ ಕಥೆಯೆಂಬಂತೆ, ತಮಾಷೆಯಾಗಿ ಬರೆದಿದ್ದಾರೆ. ನನಗೆ ಅದನ್ನು ಓದಿ ತಮಾಷೆಯೆನಿಸಲಿಲ್ಲ.

ಗ್ರಂಥಾಲಯದ ದಪ್ಪ ವಿಶ್ವಕೋಶದಲ್ಲಿ ಅವರ ಹೆಸರು ಹುಡುಕಿದೆ. ಗಂಡನ ಹೆಸರಿನ ಕೆಳಗೆ ನೋಡಿ ಎಂದಿತ್ತು. ನೋಡಿದೆ. ಚಿತ್ರಕಾರರ ಬಗ್ಗೆ ಅರ್ಧ ಅಂಕಣ, ಕೊನೆಗೊಂದು ಸಾಲು: ಪತ್ನಿಗೂ ಬರವಣಿಗೆಯಲ್ಲಿ ಆಸಕ್ತಿಯಿತ್ತು. ಆಸಕ್ತಿ! ಆ ಆಸಕ್ತಿಯಿಂದಲೇ ಗಂಡನ ಬಣ್ಣ, ಕುಂಚ, ಕೆಮ್ಮಿನ ಔಷಧಿ ಬರುತ್ತಿತ್ತು. ನನ್ನ ಪ್ರಬಂಧಕ್ಕೆ ಇವರನ್ನೇ ತೆಗೆದುಕೊಳ್ಳುತ್ತೇನೆ ಎಂದಾಗ ನಮ್ಮ ಮೇಷ್ಟ್ರು, “ಇವರ ಮೇಲೆ ಯಾರೂ ಬರೆದಿಲ್ವಲ್ಲಮ್ಮ, ಆಕರ ಎಲ್ಲಿಂದ ತರ್ತೀಯ? ಬೇರೆ ಯಾರನ್ನಾದ್ರೂ ನೋಡು” ಎಂದರು. ಯಾರೂ ಬರೆದಿಲ್ಲವಾದ್ದರಿಂದ ನಾನೂ ಬರೆಯಬಾರದು. ಅಷ್ಟು ಜನರ ಜೀವನ ಬರೆದವರ ಜೀವನವನ್ನು ಯಾರೂ ಬರೆಯದೆ ಹೋದದ್ದು ಹೀಗೆಯೇ ಇರಬೇಕು. ಯಾರೂ ಬೇಡವೆನ್ನಲಿಲ್ಲ, ಎಲ್ಲರೂ ಬೇರೆ ಯಾರನ್ನಾದರೂ ನೋಡು ಎಂದರು.

ಹಾಗಾಗಿ ನನಗೆ ತಿಳಿದ ಮಟ್ಟಿಗೆ ಅವರ ಬಗ್ಗೆ ಬರಲಿದ್ದ ಮೊದಲ ಬರಹ ಅದು. ಹೂಡಿಯ ಕಾರ್ಖಾನೆಯೊಂದರ ಸಂಚಿಕೆಯಲ್ಲಿ, ಪ್ಯಾಕಿಂಗ್ ಪೆಟ್ಟಿಗೆಗಳ ಜಾಹೀರಾತಿನ ಪಕ್ಕದಲ್ಲಿ. ಅಲ್ಲಿಯೂ ‘ಹುಟ್ಟಿದಳು’.

ಸಂಚಿಕೆಯ ಗೌರವ ಸಂಪಾದಕರು ಖರೀದಿ ವಿಭಾಗದ ಅಧಿಕಾರಿ. ಸಭೆಗಳಲ್ಲಿ ಚೆನ್ನಾಗಿ ಮಾತನಾಡುತ್ತಿದ್ದರು, ಕನ್ನಡದ ಬಗ್ಗೆ ಮಾತನಾಡುವಾಗ ಕಣ್ಣು ತುಂಬಿಕೊಳ್ಳುತ್ತಿದ್ದರು. ಪ್ರೂಫು ಹಿಡಿದು ಅವರ ಮೇಜಿನ ಮುಂದೆ ನಿಂತೆ.

“ಸಾರ್, ಇದು ನೀವು ತಿದ್ದಿದ್ದಾ?”

“ಹೌದಮ್ಮ. ಲೇಖನ ಸಕ್ಕತ್ತಾಗಿದೆ. ಸಣ್ಣಪುಟ್ಟ ವ್ಯಾಕರಣ ಸರಿ ಮಾಡಿದೀನಿ, ಅಷ್ಟೆ.”

“ವ್ಯಾಕರಣ ತಪ್ಪಿರಲಿಲ್ಲ ಸಾರ್.”

“ಇಂಗ್ಲಿಷ್‌ನಲ್ಲಿ ಶೀ ಅಂತ ತಾನೇ ಇರೋದು? ಶೀ ಅಂದ್ರೆ ಅವಳು. ನೀವೇ ಎಂ.ಎ. ಮಾಡಿದೀರಿ, ನಾನು ಹೇಳ್ಕೊಡ್ಬೇಕಾ?”

“ಹಿ ಅಂದ್ರೆ ಅವನು. ಆ ಪಾದ್ರೀನ ಯಾಕೆ ಅವನು ಮಾಡಿಲ್ಲ?”

ಪಕ್ಕದ ಮೇಜಿನ ಗುಮಾಸ್ತರು ತಲೆ ಎತ್ತದೆ, “ಸಿಕ್ಕಾಕ್ಕೊಂಡ್ರಿ ಸಾರ್” ಎಂದರು.

“ನೀವು ಸುಮ್ನಿರ್ರೀ. ಅಲ್ಲಮ್ಮ, ದೇವರ ಕೆಲಸ ಮಾಡೋರನ್ನ ಅವನು ಇವನು ಅಂತ ಅಚ್ಚು ಹಾಕಿದ್ರೆ ಚೆನ್ನಾಗಿರತ್ತಾ? ಇನ್ನೊಂದು, ಅವರು ಅವರು ಅಂತ ಬರೆದ್ರೆ ಓದೋರು ಗಂಡಸು ಅಂದ್ಕೊಂಡ್ಬಿಡ್ತಾರೆ.”

“ಬದುಕಿದ್ದಾಗಲೂ ಹಾಗೇ ಅಂದ್ಕೊಂಡಿದ್ರು. ಅದೇ ಬರೆದಿದೀನಿ.”

“ನೋಡಿ, ಏಕವಚನ ಅಂದ್ರೆ ಅಗೌರವ ಅಲ್ಲ. ಪ್ರೀತಿ. ತಾಯೀನ ನಾವು ನೀನು ಅಂತೀವಿ. ನಿಮ್ಮನೇಲಿ ನಿಮ್ಮಪ್ಪನ್ನ ಏನಂತ ಕರೀತೀರಿ? ನೀನು ಅಂತ ತಾನೇ?”

ಅದು ನಿಜ. ನಮ್ಮ ಕಡೆ ಅಪ್ಪನಿಗೆ ‘ನೀನು’ ಎಂದೇ ಅನ್ನುವುದು. ಇಲ್ಲಿ ‘ಅಪ್ಪ ಹೇಳಿದರು’ ಎಂದು ಬರೆದರೆ ಅದು ಅಚ್ಚಿನ ಮಾತು, ಮನೆಯಲ್ಲಿ ‘ಅಪ್ಪ ಅಂದ’ ಎನ್ನುತ್ತೇವೆ.

“ಮನೇಲಿ ನಾನು ಅನ್ನಬಹುದು ಸಾರ್. ಅಚ್ಚಿನಲ್ಲಿ ಬೇರೆಯವರು ಅನ್ನೋ ಹಾಗಿಲ್ಲ. ಮತ್ತೆ, ನಾನು ಇವರನ್ನ ಪ್ರೀತಿಸೋಕೆ ಹೊರಟಿಲ್ಲ, ಇವರ ಕೆಲಸದ ಬಗ್ಗೆ ಬರೆದಿದೀನಿ.”

ಅವರು ಕನ್ನಡಕ ತೆಗೆದು ಒರೆಸಿದರು. “ಇಷ್ಟು ಮೆತ್ತಗೆ ಮಾತಾಡ್ತೀರಿ, ಇಷ್ಟು ಹಟಾನಾ? ಸರಿ, ಪ್ರೆಸ್‌ನೋರು ಒಪ್ಪಿದ್ರೆ ಹಾಕಿಸ್ಕೊಳ್ಳಿ ನಿಮ್ಮ ರು. ಆದ್ರೆ ಲೇಟಾದ್ರೆ ನಾನು ಜವಾಬ್ದಾರನಲ್ಲ. ಪೆಟ್ಟಿಗೆ ಕಂಪನಿಯವರು ಇನ್ನೊಂದು ಜಾಹೀರಾತಿಗೆ ಜಾಗ ಕೇಳ್ತಾನೇ ಇದಾರೆ.”

“ಳು ಅಂತ ಬರೋದಾದ್ರೆ ಪೆಟ್ಟಿಗೇನೇ ಹಾಕಿ ಸಾರ್” ಎಂದು ಹೇಳಿ ಬಂದೆ.

ಆ ಸಂಪಾದಕರ ಬಗ್ಗೆ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಆ ಸಂಚಿಕೆಗೆ ಅವರು ಕಾರ್ಖಾನೆಯ ಇತಿಹಾಸ ಬರೆಯುತ್ತಿದ್ದರು. ಊರಿನ ಹಿರಿಯರೊಬ್ಬರ ನೆನಪು ಬೇಕು, ನಿಮ್ಮ ತಂದೆಯವರನ್ನು ಕರೆದುಕೊಂಡು ಬನ್ನಿ ಎಂದು ಅದಕ್ಕೆ ಒಂದು ತಿಂಗಳ ಹಿಂದೆ ಕೇಳಿದ್ದರು. ಅಪ್ಪ ಇಸ್ತ್ರಿ ಮಾಡಿದ ಪಂಚೆಯುಟ್ಟು ಬಂದರು. ಗೇಟಿನ ಕಾವಲುಗಾರ ಮೊದಲು “ಏಯ್, ಎಲ್ಲಿಗೆ?” ಎಂದ. ಒಳಗೆ ಸಂಪಾದಕರು ಕಾಫಿ ತರಿಸಿದರು, ಅಕ್ಕರೆಯಿಂದಲೇ ಕೇಳಿದರು.

“ಜಮೀನು ಕೊಟ್ಟಾಗ ಹೇಗನ್ನಿಸ್ತು ಯಜಮಾನ್ರೇ?”

“ಕೊಡ್ಲಿಲ್ಲ ಸಾ. ತಕ್ಕಂಡ್ರು,” ಎಂದರು ಅಪ್ಪ. “ನಾನು ದ್ರಾಕ್ಷಿ ಏರ್ಕೊಂಡು ಮಾರ್ಕೆಟ್ಟಿಗೆ ಓಗಿದ್ದೆ. ಬರೋವೊತ್ಗೆ ಅಳತೆ ಮಾಡಿ ಸುಣ್ಣದ ಗೀಟು ಎಳ್ದಿದ್ರು, ನಮ್ ಚಪ್ಪರದ ಮದ್ಯದಾಗೇ. ಯಾರಿಗ್ ಕೇಳಿ ಎಳುದ್ರಿ ಅಂದ್ರೆ, ನೋಟಿಸು ಬರ್ತದೆ ಓದ್ಕೊ ಅಂದ ಅಳತೆಯೋನು. ಇನ್ನೊಂದ್ ಸುಗ್ಗಿ ಮುಗೀಲಿ ಬುಡಿ ಅಂತ ಕಾಲ್ ಇಡ್ಕಂಡೆ ಸಾ. ಬುಡ್ಲಿಲ್ಲ. ಕಾಯಿ ಇದ್ದಂಗೇ ಕಿತ್ರು.”

ಸಂಪಾದಕರು ತಲೆದೂಗಿದರು. “ನಿಮ್ಮ ತ್ಯಾಗ ದೊಡ್ಡದು” ಎಂದರು. ಅಪ್ಪ ನನ್ನ ಕಡೆ ತಿರುಗಿ, “ಏನಂದ್ರು?” ಎಂದು ಕಣ್ಣಲ್ಲೇ ಕೇಳಿದರು. ಅಂದಿನಿಂದ ಮನೆಯಲ್ಲಿ ದಿನವೂ ಒಂದೇ ಪ್ರಶ್ನೆ: “ಬಂತಾ ಮಗಾ ಬುಕ್ಕು? ನಮ್ ಇಚಾರ ಬಂದೈತಾ?”

ಸಂಚಿಕೆ ಅಚ್ಚಾಗುತ್ತಿದ್ದದ್ದು ಕೆ.ಆರ್. ಪುರದ ಸಂತೆ ಮೈದಾನದ ಹಿಂದಿನ ಸಣ್ಣ ಮುದ್ರಣಾಲಯದಲ್ಲಿ. ಕೆಲಸ ಬಿಟ್ಟ ಮೇಲೆ ಅಲ್ಲಿಗೆ ಹೋದೆ. ಮಾಲೀಕರು ನನ್ನ ಪ್ರೂಫು ನೋಡಿದರು, ನಾನು ಹಾಕಿದ ತಿದ್ದುಪಡಿ ನೋಡಿದರು, ಗಟ್ಟಿಯಾಗಿ ನಕ್ಕರು.

“ಏನ್ ಮೇಡಂ, ಮೊದ್ಲು ರು ಇತ್ತು, ಸಾರು ಳು ಮಾಡಿದ್ರು, ಈಗ ನೀವು ಮತ್ತೆ ರು ಅಂತೀರಾ? ಆಗಲ್ಲ ಕಣ್ರೀ. ರು ಖಾಲಿಯಾಗಿದೆ.”

“ಖಾಲಿ ಅಂದ್ರೆ?”

“ಖಾಲಿ ಅಂದ್ರೆ ಖಾಲಿ. ಬನ್ನಿ, ನೀವೇ ನೋಡಿ.”

ಆಗಿನ್ನೂ ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸುತ್ತಿದ್ದ ಕಾಲ. ಒಂದೊಂದು ಅಕ್ಷರಕ್ಕೂ ಮರದ ಪೆಟ್ಟಿಗೆಯಲ್ಲಿ ಒಂದೊಂದು ಖಾನೆ. ಒಂದು ಪುಟ ಅಚ್ಚಾಗಿ, ಬಿಚ್ಚಿ, ಮೊಳೆಗಳನ್ನು ಖಾನೆಗೆ ಮರಳಿ ಹಾಕುವವರೆಗೂ ಅವು ಇನ್ನೊಂದು ಪುಟಕ್ಕೆ ಸಿಗುವುದಿಲ್ಲ. ‘ರು’ವಿನ ಖಾನೆಯಲ್ಲಿ ಧೂಳು ಮಾತ್ರ ಇತ್ತು. ಪಕ್ಕದ ‘ಳು’ ಖಾನೆ ತುಂಬಿ ತುಳುಕುತ್ತಿತ್ತು.

“ಎಲ್ಲಿ ಹೋಯ್ತು ಅಷ್ಟೂ ರು?”

ಮಾಲೀಕರು ಕಟ್ಟಿಟ್ಟಿದ್ದ ಪುಟಗಳ ಮೇಲೆ ಕೈ ಆಡಿಸಿದರು. “ಇಲ್ಲಿ ನೋಡಿ. ಅಧ್ಯಕ್ಷರು, ಮಾನ್ಯರು, ಆದರಣೀಯರು. ದಯಮಾಡಿಸಿದರು, ದೀಪ ಬೆಳಗಿಸಿದರು, ಊಟ ಮಾಡಿದರು. ಊಟಕ್ಕೂ ರು ಹಾಕ್ಸವ್ರೆ ನಿಮ್ ಸಾರು. ನಾನೇನು ಮಾಡ್ಲಿ?”

“ಊಟದ್ದು ಒಂದಾದ್ರೂ ತೆಗೆದು ಕೊಡಿ.”

“ಅಯ್ಯೋ, ನನ್ನ ಬಿಲ್ಲು ಪಾಸಾಗ್ಬೇಕಲ್ವಾ ಮೇಡಂ!”

ಬೆಂಚಿನ ಮೇಲೆ ಕೂತು ಯೋಚಿಸಿದೆ. ‘ಹುಟ್ಟಿದರು’ ಆಗದಿದ್ದರೆ ‘ಹುಟ್ಟಿದ್ದು’ ಎನ್ನಬಹುದು. ‘ಹುಟ್ಟಿದ್ದು ಗಿರಣಿಯ ಊರಿನಲ್ಲಿ, ಬರೆದದ್ದು ವಾರಪತ್ರಿಕೆಗೆ, ಕೂತದ್ದು ಜಾಲರಿಯ ಹಿಂದೆ.’ ರುವೂ ಇಲ್ಲ, ಳುವೂ ಇಲ್ಲ. ಒಂದು ಪುಟ ಹಾಗೆಯೇ ತಿದ್ದಿದೆ. ಮಾಲೀಕರಿಗೆ ಖುಷಿಯಾಯಿತು. “ಸೂಪರ್ ಮೇಡಂ. ‘ದ್ದು’ ನಮ್ಮತ್ರ ಬೇಕಾದಷ್ಟಿದೆ.”

ಆದರೆ ಓದಿ ನೋಡಿದರೆ ಆ ಪುಟದಲ್ಲಿ ಯಾರೂ ಇರಲಿಲ್ಲ. ಹುಟ್ಟಿದ್ದಿತ್ತು, ಬರೆದದ್ದಿತ್ತು, ದುಡಿದದ್ದಿತ್ತು. ಹುಟ್ಟಿದವರು, ಬರೆದವರು, ದುಡಿದವರು ಇರಲಿಲ್ಲ. ‘ನಮ್ಮ ಲಂಡನ್ ಬಾತ್ಮೀದಾರರಿಂದ’ ಎಂದು ಅವರ ಯಜಮಾನರು ಮಾಡಿದ್ದನ್ನೇ ಈಗ ನಾನು ಅಚ್ಚುಕಟ್ಟಾದ ಕನ್ನಡದಲ್ಲಿ ಮಾಡಿದ್ದೆ. ಹಾಳೆಯನ್ನು ಹರಿದು ಹಾಕಿದೆ.

“ಅಧ್ಯಕ್ಷರ ಪುಟ ಯಾವಾಗ ಅಚ್ಚಾಗುತ್ತೆ?”

“ನಿಮ್ ಸಾರು ಹೂಂ ಅಂದ್ರೆ ಈಗ್ಲೇ. ಇನ್ನೊಂದ್ಸಲ ನೋಡ್ತೀನಿ, ನೋಡ್ತೀನಿ ಅಂತ ಇಟ್ಕೊಂಡವ್ರೆ.”

“ಅದು ಅಚ್ಚಾದ್ರೆ ರು ಸಿಗುತ್ತಾ?”

“ಬಿಚ್ಚಿದ ಕೂಡ್ಲೇ. ನಿಮ್ಮದನ್ನ ಕಟ್ಟಕಡೇಲಿ ಹಾಕ್ಬೇಕು, ಅಷ್ಟೆ.”

ಎದುರಿನ ಔಷಧಿ ಅಂಗಡಿಯ ಫೋನಿನಿಂದ ಸಂಪಾದಕರ ಮನೆಗೆ ಮಾತನಾಡಿದೆ. ಮೊದಲ ಭಾಗ ಈಗಲೇ ಹೊಡೆಯಲಿ ಸಾರ್, ಇಲ್ಲದಿದ್ದರೆ ರಾಜ್ಯೋತ್ಸವಕ್ಕೆ ಸಂಚಿಕೆ ಸಿಗುವುದಿಲ್ಲವಂತೆ ಎಂದೆ. ಅದು ಸುಳ್ಳೂ ಆಗಿರಲಿಲ್ಲ. “ಸರಿಯಮ್ಮ, ಹೊಡೀಲಿ. ನಿಮ್ಮ ಕಾಟಾನೇ ಕಾಟ” ಎಂದು ಫೋನಿಟ್ಟರು.

ಮರುದಿನ ಸಂಜೆ ಹೋದಾಗ ಅಧ್ಯಕ್ಷರ ಪುಟಗಳು ಅಚ್ಚಾಗಿ, ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಚ್ಚುತ್ತಿದ್ದರು. ‘ರು’ಗಳು ಒಂದೊಂದಾಗಿ ಖಾಲಿ ಖಾನೆಗೆ ಬೀಳುವ ಸದ್ದು ಕೇಳುತ್ತಿತ್ತು. ಮಾನ್ಯರ ರು, ದಯಮಾಡಿಸಿದ ರು, ಊಟ ಮಾಡಿದ ರು. ಅವೇ ಮೊಳೆಗಳನ್ನು ಎತ್ತಿ ಮಾಲೀಕರು ನನ್ನ ಲೇಖನಕ್ಕೆ ಜೋಡಿಸತೊಡಗಿದರು. ಟೋಪಿ ಮಾರುವವರ ಮನೆಯಲ್ಲಿ ‘ಹುಟ್ಟಿದರು’. ನಾನು ಬಹಳ ದಿನಗಳ ಮೇಲೆ ಸಮಾಧಾನದಿಂದ ಕೂತೆ. ಸುಮ್ಮನೆ ಕೂರಲಾಗದೆ, ಒಣಗಲು ಹರಡಿದ್ದ ಅಚ್ಚಾದ ಹಾಳೆಯೊಂದನ್ನು ಎತ್ತಿಕೊಂಡೆ. ಅದೂ ಮೊದಲ ಭಾಗದ್ದೇ, ಕಾರ್ಖಾನೆಯ ಇತಿಹಾಸದ ಪುಟ.

ಅಧ್ಯಕ್ಷರು ಕನಸು ಕಂಡರು. ನಿರ್ದೇಶಕರು ಜಾಗ ಹುಡುಕಿದರು. ಅದರ ಕೆಳಗೆ: ‘ಹೂಡಿಯ ರೈತನು ನಾಡಿನ ಪ್ರಗತಿಗಾಗಿ ತನ್ನ ತೋಟವನ್ನು ಸಂತೋಷದಿಂದ ಕೊಟ್ಟನು.’ ಪಕ್ಕದಲ್ಲಿ ಅಪ್ಪನ ಫೋಟೊ, ಇಸ್ತ್ರಿ ಮಾಡಿದ ಪಂಚೆಯಲ್ಲಿ.

ಸಂತೋಷದಿಂದ. ಕೊಟ್ಟನು. ನನ್ನ ಎದುರಿಗೇ ಅಪ್ಪ ‘ಕೊಡ್ಲಿಲ್ಲ, ತಕ್ಕಂಡ್ರು’ ಎಂದಿದ್ದರು. ಅದನ್ನು ಕೇಳಿದವರು, ಕಾಫಿ ಕೊಟ್ಟು ತಲೆದೂಗಿದವರು, ಅದೇ ಕೈಯಿಂದ ಇದನ್ನು ಬರೆದಿದ್ದರು. ಕಾಲು ಹಿಡಿದುಕೊಂಡದ್ದು ಸಂತೋಷವಾಯಿತು. ‘ಯಜಮಾನ್ರೇ’ ಎಂದು ಮಾತನಾಡಿಸಿದ ಅಪ್ಪನನ್ನು ಕಾಗದದ ಮೇಲೆ ‘ನು’ ಮಾಡಿಬಿಟ್ಟರು, ‘ನೀನು’ ಎನ್ನುವ ಸಲಿಗೆ ಅವರಿಗೆ ಯಾರು ಕೊಟ್ಟಿದ್ದರು?

“ಇದನ್ನ ನಿಲ್ಲಿಸಿ” ಎಂದೆ.

“ಏನ್ ನಿಲ್ಸೋದು ಮೇಡಂ? ಅಷ್ಟೂ ಪ್ರತಿ ಹೊಡೆದಾಯ್ತು, ಅಕ್ಷರ ಬಿಚ್ಚಾಯ್ತು. ನೀವೇ ತಾನೇ ಬೇಗ ಬೇಗ ಅಂದಿದ್ದು?”

ಮರುದಿನ ಸಂಪಾದಕರ ಮುಂದೆ ಆ ಹಾಳೆಯನ್ನಿಟ್ಟೆ. ಅವರು ಓದಿ, ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದರು.

“ಎಷ್ಟು ಚೆನ್ನಾಗಿ ಬಂದಿದೆಯಲ್ಲಮ್ಮ ಫೋಟೊ?”

“ಅಪ್ಪ ಹೀಗೆ ಹೇಳಿರಲಿಲ್ಲ ಸಾರ್.”

“ಅದು ನಿಮ್ಮ ತಂದೆಯವರೊಬ್ಬರ ಬಗ್ಗೆ ಅಲ್ಲ. ರೈತ ಅಂತ ಸಾಮಾನ್ಯವಾಗಿ ಬರೆದಿದೀನಿ. ರೈತನು ಅಂತಾನೇ ಕನ್ನಡದಲ್ಲಿ ಬರೆಯೋದು. ನಿಮಗೆ ನಿಮ್ಮ ರು ಸಿಕ್ತಲ್ಲ, ಇನ್ನೇನು?”

ಅವರ ಬಗ್ಗೆಯೂ ಇಲ್ಲಿ ನಾನು ‘ಹೇಳಿದರು’, ‘ನೋಡಿದರು’ ಎಂದೇ ಬರೆಯುತ್ತ ಬಂದಿದ್ದೇನೆ. ಅದು ಅವರು ಗಳಿಸಿದ್ದಲ್ಲ. ಇನ್ನೊಬ್ಬರ ಬಗ್ಗೆ ಅಚ್ಚಿನಲ್ಲಿ ಬರೆಯುವಾಗ ಕೈ ಹೇಗಿರಬೇಕೆಂದು ಟೋಪಿ ಮಾರುವವರ ಮಗಳಿಂದ ಕಲಿತದ್ದು.

ರಾಜ್ಯೋತ್ಸವದ ದಿನ ಸಂಚಿಕೆ ಬಿಡುಗಡೆಯಾಯಿತು. ಕಟ್ಟಕಡೆಯ ಪುಟಗಳಲ್ಲಿ, ಪೆಟ್ಟಿಗೆಗಳ ಜಾಹೀರಾತಿನ ಎದುರು, ಅವರು ಹುಟ್ಟಿದರು, ಬರೆದರು, ತೀರಿಕೊಂಡರು. ಒಂದು ‘ಳು’ವೂ ತಪ್ಪಿ ಉಳಿದಿರಲಿಲ್ಲ. ನಾಲ್ಕು ಜನ ಓದಿದರೋ ಇಲ್ಲವೋ ಗೊತ್ತಿಲ್ಲ. ಖರೀದಿ ವಿಭಾಗದ ಗುಮಾಸ್ತರು ಮಾತ್ರ ಎದುರು ಸಿಕ್ಕಾಗ, “ಪಾಪ, ಎಂಥಾ ಹೆಂಗಸು ಮೇಡಂ ಅವರು” ಎಂದರು. ‘ಅವರು’ ಎಂದದ್ದನ್ನು ಗಮನಿಸಿದೆ.

ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋದೆ. ಅಪ್ಪನಿಗೆ ಕೊಡುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಜಗಲಿಯಲ್ಲಿ ಕೂತಿದ್ದ ಅಪ್ಪ ಕೈ ಚಾಚಿದರು. ಮುಚ್ಚಿಡುವುದಕ್ಕೆ ನಾನು ಯಾರು? ಅವರ ಜೀವನ ಅದು. ಪುಟ ತೆಗೆದುಕೊಟ್ಟೆ.

ಫೋಟೊ ನೋಡಿ ಮೀಸೆ ಸವರಿಕೊಂಡರು. ಆಮೇಲೆ ಸಾಲಿನ ಕೆಳಗೆ ಬೆರಳಿಟ್ಟು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. “ಸಂತೋಸದಿಂದ... ಕೊಟ್ಟನು. ಯಾರು ಮಗಾ ಕೊಟ್ಟಿದ್ದು?”

“ನೀನು.”

“ನಾನಾ?” ಬೆರಳು ಅಲ್ಲಿಯೇ ಇತ್ತು. ಒಳಗಿದ್ದ ಅಮ್ಮನಿಗೆ ಕೇಳುವಂತೆ ಕೂಗಿದರು. “ಏನೇ, ಇಲ್ ಬಾ. ಕೇಳ್ದಾ? ನಾನು ಸಂತೋಸದಿಂದ ಕೊಟ್ನಂತೆ ಕಣೇ! ಚಪ್ಪರ ಕಿತ್ತಾಗ ಕುಣೀತಿದ್ನೇನೋ, ನೀನು ನೋಡಿದ್ದಾ?”

ಅಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಪುಟವನ್ನು ಬಗ್ಗಿ ನೋಡಿದರು. “ಕುಣಿದ್ರೆ ನಂಗ್ ಗೊತ್ತಾಗ್ದೇ ಇರ್ತಿತ್ತಾ?” ಎಂದರು. ಅಪ್ಪ ನಗತೊಡಗಿದರು. ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಅಮ್ಮನೂ ನಕ್ಕರು.

ನಾನು ನಗಲಿಲ್ಲ. ಈಗಲೂ ಆ ಪುಟ ತೆಗೆದರೆ ನಗು ಬರುವುದಿಲ್ಲ.